ದುಬೈನಲ್ಲಿ ಕ್ಷೌರಕ್ಕೆ ಎಷ್ಟು

ನಮ್ಮಪ್ಪ ಕನಕಪುರದ ಸುತ್ತಮುತ್ತ ದನದ ದಲ್ಲಾಳಿ. ಟವೆಲಿನ ಕೆಳಗೆ ಬೆರಳು ಹಿಡಿದು ರೇಟು ಕುದುರಿಸುವ ಕಸುಬು. ಬಾಯಿಬಿಟ್ಟು ಹೇಳಿದ ರೇಟೆಲ್ಲ ಸುಳ್ಳು ಎಂದೇ ಅವರ ನಂಬಿಕೆ. ಅಂಥವರ ಮನೆಗೆ ನಮ್ಮ ಸೋದರಮಾವ ಅಕ್ಕನನ್ನು ನೋಡಲು ಚನ್ನಪಟ್ಟಣದ ಹುಡುಗನೊಬ್ಬನನ್ನು ಕರೆತಂದರು.

"ದುಬೈ ಸಂಬಳ ಭಾವ! ನಮ್ಮ ದುಡ್ಡಲ್ಲಿ ಇಲ್ಲಿನ ಮೇಷ್ಟ್ರ ಸಂಬಳದ ನಾಕರಷ್ಟು. ಮದ್ವೆಯಾದೇಟ್ಗೇ ಹುಡುಗೀನೂ ಕರ್ಕಂಡೋಯ್ತಾನೆ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ಅಪ್ಪನ ಹುಬ್ಬು ಗಂಟಾಯಿತು. ನನಗಂತೂ ಹುಡುಗನ ಸೆಂಟಿನ ವಾಸನೆಯ ಮೇಲೇ ಅನುಮಾನ.

"ಅಲ್ಲಿ ಒಂದು ಟೀಗೆ ಎಷ್ಟಪ್ಪಾ?" ಅಪ್ಪ ಶುರುಮಾಡಿದರು. ಆಮೇಲೆ ಮೊಟ್ಟೆ, ಟೊಮ್ಯಾಟೊ, ತೆಂಗಿನಕಾಯಿ. ಹುಡುಗ ಹೇಳುತ್ತ ಹೋದ. ಅಪ್ಪ ಅಲ್ಲಿಯ ದುಡ್ಡನ್ನು ರೂಪಾಯಿಗೆ ತಿರುಗಿಸಲೇ ಇಲ್ಲ. ಇವನ ಸಂಬಳಕ್ಕೆ ಅಲ್ಲಿ ಎಷ್ಟು ಟೀ ಬರುತ್ತದೆ, ಮೇಷ್ಟ್ರ ಸಂಬಳಕ್ಕೆ ಇಲ್ಲಿ ಎಷ್ಟು ಬರುತ್ತದೆ ಎಂದು ಬೆರಳು ಮಡಿಸಿದರು. ಟೀಯಲ್ಲಿ ಹುಡುಗ ಮೇಷ್ಟ್ರಿಗಿಂತ ಸ್ವಲ್ಪ ಮೇಲಿದ್ದ. ತೆಂಗಿನಕಾಯಿಗೆ ಬರುವಷ್ಟರಲ್ಲಿ ಕೆಳಗಿಳಿದಿದ್ದ.

"ಕ್ಷೌರಕ್ಕೆ?"

ಹುಡುಗ ತಡವರಿಸಿದ. ಸಿಕ್ಕಿಬಿದ್ದ, ಇವನು ದುಬೈ ನೋಡೇ ಇಲ್ಲ ಎಂದು ನಾನು ಒಳಗೊಳಗೇ ಕುಣಿದೆ.

"ಗೊತ್ತಿಲ್ಲ ಯಜಮಾನ್ರೇ. ರೂಮಲ್ಲಿ ಒಬ್ರಿಗೊಬ್ರೇ ಮಾಡ್ಕತೀವಿ. ಅಲ್ಲೇ ಖರ್ಚು ಮಾಡುದ್ರೆ ಆ ಸಂಬಳ ಯಾತಕ್ಕೂ ಸಾಲಕಿಲ್ಲ. ಊರಿಗೆ ಬಂದ್ರೇನೇ ಅದು ದುಡ್ಡು."

ಅಪ್ಪನ ಮುಖ ಸಡಿಲವಾಯಿತು. ಸಂಬಳ ನಿಜ, ಹುಡುಗನೂ ನಿಜ ಹೇಳುವವನೇ. ಅಲ್ಲಿಯವರೆಗೆ ಮುಟ್ಟದಿದ್ದ ಕಾಫಿ ಲೋಟವನ್ನು ಎತ್ತಿಕೊಂಡರು.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ, "ಅಂಗಾರೆ ನಾನು ಅಲ್ಲಿಗೆ ಬಂದ್ರೆ?" ಎಂದಳು.

ಹುಡುಗ ಮಾವನನ್ನು ನೋಡಿದ. ಮಾವ ಸೂರು ನೋಡಿದರು.

"ನೀವು ಇಲ್ಲೇ ಇರ್ಬೇಕಾಯ್ತದೆ. ಎರಡು ವರ್ಸಕ್ಕೊಂದ್ಸಲ ಬತ್ತೀನಿ."

ಅಕ್ಕ ಒಳಗೆ ಹೋದಳು. ಒಲೆಯ ಮುಂದೆ ಕುಳಿತಳು.

ಅಪ್ಪನಿಗೆ ಮಾತ್ರ ಲೆಕ್ಕ ಚೊಕ್ಕವಾಗಿ ಕೂತಿತ್ತು. ಅಲ್ಲಿ ಗಳಿಸಿ ಇಲ್ಲಿ ಖರ್ಚು ಮಾಡಿದರೆ ನಾಕು ಮೇಷ್ಟ್ರ ಸಂಬಳ ಪೂರ್ತಿ ಕೈಗೆ ಬರುತ್ತದೆ. ಅದಕ್ಕೆ ಹುಡುಗಿ ಇಲ್ಲೇ ಇರಬೇಕು, ಅಷ್ಟೇ ತಾನೆ. ಆ ಮಧ್ಯಾಹ್ನವೇ ತಾಂಬೂಲ ಬದಲಾಯಿಸಿಕೊಂಡರು. ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟು ಇಳಿದಿಲ್ಲ. ದುಬೈನ ಮೊಟ್ಟೆಯ ರೇಟನ್ನೂ ಬಿಡದೆ ಕೇಳಿದ ಮನುಷ್ಯ, ನಿನಗೆ ಒಪ್ಪಿಗೆಯೇನಮ್ಮ ಎಂದು ಅಕ್ಕನನ್ನು ಕೇಳಲಿಲ್ಲ.