ಹುಳದ ತಟ್ಟೆಯಡಿಯ ಪುಸ್ತಕ

ತೊಂಬತ್ತರ ದಶಕದಲ್ಲಿ ಸಾದಲಿಯ ನಮ್ಮ ಮನೆಯಲ್ಲಿ ಮುಟ್ಟಾದವರು ರೇಷ್ಮೆಹುಳದ ಕೋಣೆಗೆ ಕಾಲಿಡುವಂತಿರಲಿಲ್ಲ. ಕಾಲಿಟ್ಟರೆ ಹುಳ ಸಾಯುತ್ತವೆಂದು ಅಜ್ಜಿಯ ನಂಬಿಕೆ. ನಾನು ಮುಟ್ಟಾಗಿ ಎರಡು ದಿನವಾಗಿದ್ದರೂ ಯಾರಿಗೂ ಹೇಳದೆ ಹುಳಗಳಿಗೆ ಸೊಪ್ಪು ಹಾಕುತ್ತಿದ್ದೆ. ಶಾಲೆಯಲ್ಲಿ ಕೊಟ್ಟ ಮುಟ್ಟಿನ ಪುಸ್ತಕವನ್ನು, ಮಹಾ ಬುದ್ಧಿವಂತೆ ನಾನು, ಹುಳದ ತಟ್ಟೆಯ ಕಾಗದದಡಿ ಬಚ್ಚಿಟ್ಟಿದ್ದೆ. ಆ ಕಾಗದ ಬದಲಿಸುವವಳೇ ಅಜ್ಜಿ.

ಓದು ಬಾರದ ಅಜ್ಜಿ ಅಲ್ಲಿ ಸಿಕ್ಕ ಪುಸ್ತಕವನ್ನು ನನ್ನ ಕೈಗೇ ಕೊಟ್ಟಳು. "ಏನ್ ಬರ್ದವ್ರೆ, ಓದಮ್ಮ."

ಅದರ ಮೇಲಿದ್ದ ಹುಳದ ಹಿಕ್ಕೆ ಉದುರಿಸಿ ಓದಿದೆ: "ಮುಟ್ಟಿನ ದಿನಗಳಲ್ಲಿ ಎಲ್ಲ ಕೆಲಸ ಮಾಡಬಹುದು."

"ಹುಳದ ಕೆಲ್ಸಾನೂ ಅಂತ ಬರ್ದೈತಾ?"

"ಇಲ್ಲಜ್ಜಿ."

"ನಿನ್ ಮುಖಾನೇ ಎಲ್ಲಾ ಹೇಳ್ತೈತೆ. ಆಚೆ ನಡಿ."

ಬಾಗಿಲಲ್ಲಿ ತಿರುಗಿ ನೋಡಿದೆ. ಹುಳಗಳೆಲ್ಲ ಚೆನ್ನಾಗಿ ಸೊಪ್ಪು ಮೇಯುತ್ತಿದ್ದವು. ಅಲ್ಲಿ ಜೀವ ಹೋದಂತಾಗಿದ್ದವಳು ನಾನೊಬ್ಬಳೇ.