ಹಿಂದಿನ ಗಾಲಿಯ ಹಸಿ

ಕಸ್ತೂರಿ ವೈನಿ, ನಿಮ್ಮ ಜೀಪಿನ ಬ್ರೇಕ್ ಕೈಕೊಟ್ಟಿತ್ತು. ಕೈಕೊಟ್ಟಿರಲಿಲ್ಲ ಎಂದು ಹೇಳಿದವನು ನಾನು. ಗೊತ್ತಿದ್ದೇ ಹೇಳಿದೆ—ನನ್ನ ಗ್ಯಾರೇಜಿನಲ್ಲಿ, ನಿಮ್ಮ ಮೈದುನ ಮಲ್ಲಪ್ಪನ ಎದುರು, ನಿಮಗೆ ಕೇಳುವಂತೆ. ಆಮೇಲೆ ಇಷ್ಟು ವರ್ಷ ಸುಮ್ಮನಿದ್ದೆ.

ಎಲ್ಲವನ್ನೂ ಇದ್ದ ಹಾಗೆ ಬರೆಯುತ್ತೇನೆ ಎನ್ನಲಾರೆ. ನನ್ನ ನೆನಪು ನನ್ನ ಪರವಾಗಿಯೇ ದುಡಿದುಕೊಂಡು ಬಂದಿದೆ. ಎಲ್ಲೆಲ್ಲಿ ಅದು ನುಣ್ಣಗಿದೆಯೋ ಅಲ್ಲೆಲ್ಲ ನಾನು ಕೈಯಾಡಿಸಿದ್ದೇನೆ ಎಂದು ತಿಳಿಯಿರಿ.

ದಸರೆಯ ಖಂಡೆ ಪೂಜೆಯ ಮುನ್ನಾದಿನ. ಜೀಪು ಹಿಂದುಗಡೆ ಎಡಕ್ಕೆ ವಾಲುತ್ತದೆಂದು ಮುಂಜಾನೆ ಹೊನವಾಡದಿಂದ ತಂದು ಬಿಟ್ಟಿರಿ. ನಿಮ್ಮ ಯಜಮಾನ, ನನ್ನ ಶಾಲೆಯ ಗೆಳೆಯ, ವಿಜಯಪುರದಲ್ಲಿ ನೌಕರಿ ಮಾಡುತ್ತಿದ್ದ. ದ್ರಾಕ್ಷಿ ತೋಟದ ಓಡಾಟವೆಲ್ಲ ನಿಮ್ಮದೇ. ನಿಮಗೆ ಜೀಪು ಕಲಿಸಿದವರು ನಿಮ್ಮ ಮಾವ. ಎಡಗಡೆಯ ಸ್ಪ್ರಿಂಗಿನಲ್ಲಿ ಒಂದು ಪಟ್ಟಿ ಮುರಿದಿತ್ತು. ಬದಲಿಸಿದೆ. ಜೀಪು ನೆಟ್ಟಗೆ ನಿಂತಿತು. ಹಬ್ಬವಲ್ಲವೇ, ತೊಳೆಸಿಯೂ ಇಟ್ಟೆ.

ಸಂಜೆ ನೀವು ಮಾವನವರ ಜೊತೆ ಬಂದಿರಿ. ಜೀಪಿಗೆ ಒಂದು ಸುತ್ತು ಹಾಕಿ, ಹಿಂದಿನ ಗಾಲಿಯ ಹತ್ತಿರ ಬಗ್ಗಿ ನೋಡಿದಿರಿ.

"ಈ ಗಾಲಿ ಒಳಗ ಯಾಕ ಹಸಿ ಐತ್ರಿ? ಉಳಿದ ಮೂರೂ ಒಣಗ್ಯಾವಲ್ಲ."

ಮಾವ ನಕ್ಕರು. "ಮೇಸ್ತ್ರಿ, ಇಕೀನ್ನ ನಿನ್ನ ಗ್ಯಾರೇಜಿಗೆ ಇಟಗೋಬ್ಯಾಡಪಾ. ನಿನ್ನ ಗಿರಾಕಿ ಎಲ್ಲಾ ಇಕೀ ಕಡೀನ ಹೋಗ್ತಾರ."

ನಾನೂ ನಕ್ಕೆ. ಬಗ್ಗಿ ಬೆರಳು ಹಚ್ಚಿದೆ. ನೀರು ಬೆರಳುಗಳ ನಡುವೆ ಹಾಗೆ ಜಾರುವುದಿಲ್ಲ. ಗೇರ್ ಆಯಿಲ್ ಆಗಿದ್ದರೆ ಮಂದವಾಗಿರುತ್ತಿತ್ತು, ನಾರುತ್ತಿತ್ತು. ಇದು ತೆಳ್ಳಗಿತ್ತು, ಗಾಲಿಯ ಬಣ್ಣವನ್ನೂ ಎಬ್ಬಿಸಿತ್ತು. ಬ್ರೇಕ್ ಆಯಿಲ್. ಹಳೆಯ ಜೀಪಿನಲ್ಲಿ ಒಂದು ಗಾಲಿಯಿಂದ ಆಯಿಲ್ ಸೋರಿ ಖಾಲಿಯಾದರೆ ನಾಲ್ಕೂ ಗಾಲಿಗೆ ಬ್ರೇಕ್ ಇಲ್ಲ. ಇದು ನನಗೆ ಗೊತ್ತಿತ್ತು.

"ತೊಳದ ನೀರು ವೈನಿ. ಆರತೈತಿ, ಹೋಗ್ರಿ."

ಯಾಕೆ—

ಪಾನಾ, ಸುತ್ತಿಗೆ ಎಲ್ಲ ತೊಳೆದು ವಿಭೂತಿ ಹಚ್ಚಿ ಪೂಜೆಗೆ ಇಟ್ಟಾಗಿತ್ತು. ಇಟ್ಟ ಹತಾರವನ್ನು ಪೂಜೆ ಮುಗಿಯದೆ ಎತ್ತುವುದಿಲ್ಲ ನಾವು. ಗಾಲಿಯ ಡ್ರಮ್ಮು ಬಿಚ್ಚಲು ಎತ್ತಲೇಬೇಕಾಗುತ್ತಿತ್ತು. ಹೀಗೆಂದು ನನಗೆ ನಾನೇ ಹೇಳಿಕೊಂಡು ಬಂದೆ. ಆದರೆ ವಿಭೂತಿ ಹಚ್ಚಿದ್ದು ನೀವು ಬರುವ ಮೊದಲೋ, ಹೋದ ಮೇಲೋ? ಒಂದು ನೆನಪಿನಲ್ಲಿ ಪಾನಾಗಳು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಮಲಗಿವೆ. ಇನ್ನೊಂದರಲ್ಲಿ ನನ್ನ ಕೈಯಲ್ಲೇ ಒಂದು ಪಾನಾ ಇದೆ, ಅದನ್ನು ಒರೆಸುತ್ತಲೇ ನಿಮ್ಮೊಡನೆ ಮಾತಾಡುತ್ತಿದ್ದೇನೆ. ಯಾವುದು ನಿಜವಾದರೂ ಅಷ್ಟೆ. "ಜೀಪ ಇಲ್ಲೇ ಬಿಡ್ರಿ, ಬಸ್ಸಿಗೆ ಹೋಗ್ರಿ" ಎನ್ನಲು ಪಾನಾ ಬೇಕಿರಲಿಲ್ಲ.

ಬನ್ನಿಯ ದಿನ ಮಾವನವರು ತಂಗಿಗೆ ಬನ್ನಿ ಕೊಡಲು ಬಬಲೇಶ್ವರಕ್ಕೆ ಹೊರಟರು. ನಡೆಸುತ್ತಿದ್ದವರು ನೀವು. ತಿಕೋಟಾ ದಾಟಿದ ಮೇಲೆ, ಹಳ್ಳದ ಇಳಿಜಾರಿನಲ್ಲಿ ಜೀಪು ನಿಲ್ಲಲಿಲ್ಲ. ಸೇತುವೆಯ ಕಲ್ಲಿಗೆ ಬಡಿಯಿತು. ನಿಮಗೆ ಕೈ ಮುರಿಯಿತು. ಮಾವ ಅಲ್ಲೇ ಹೋದರು.

ಜೀಪನ್ನು ಎಳೆದು ತಂದು ನನ್ನಲ್ಲೇ ಬಿಟ್ಟರು. ನಾನು ಅವರ ಮಣ್ಣಿಗೆ ಹೋಗಿ ಬಂದು, ಗ್ಯಾರೇಜಿನ ಬಾಗಿಲು ಎಳೆದುಕೊಂಡು, ಹಿಂದಿನ ಗಾಲಿ ಬಿಚ್ಚಿದೆ. ಒಳಗಿನ ರಬ್ಬರು ಹರಿದಿತ್ತು. ಬ್ರೇಕಿನ ಲೈನರೆಲ್ಲ ಆಯಿಲ್ ಕುಡಿದು ನೆನೆದಿತ್ತು. ಒರೆಸಿದೆ. ಸೀಮೆ ಎಣ್ಣೆಯಲ್ಲಿ ತೊಳೆದೆ. ಹೊಸ ರಬ್ಬರು ಹಾಕಿ, ಆಯಿಲ್ ತುಂಬಿ, ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆದೆ. ಪೆಡಲು ಕಲ್ಲಿನ ಹಾಗಾಯಿತು. ಅಷ್ಟು ಚೊಕ್ಕ ಕೆಲಸವನ್ನು ನಾನು ಮತ್ತೆಂದೂ ಮಾಡಿಲ್ಲ.

ಮಲ್ಲಪ್ಪ ಬಂದ. ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ನೀವೂ ಬಂದಿರಿ.

"ಖರೆ ಹೇಳು, ಬ್ರೇಕಿಗೆ ಏನಾಗಿತ್ತು?" ಎಂದು ಅವನು ಕೇಳಿದ.

"ನೀವ ಒತ್ತಿ ನೋಡ್ರಿ. ಬ್ರೇಕ್ ಛಲೋ ಐತಿ. ಗಡಿಬಿಡ್ಯಾಗ ಕಾಲು ಎಕ್ಸಲೇಟರ್ ಮ್ಯಾಲ ಬಿದ್ದಿರಬೇಕು."

ಅವನು ಒತ್ತಿ ನೋಡಿದ. "ಹೆಣ್ಣಮಕ್ಕಳ ಕೈಯಾಗ ಗಾಡಿ ಕೊಡಬ್ಯಾಡ ಅಂತ ಅಪ್ಪಗ ಬಡಕೊಂಡೆ. ಕೇಳಲಿಲ್ಲ."

ನೀವು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಿರಿ. "ನಾ ಬ್ರೇಕ್ ಮ್ಯಾಲ ಕಾಲಿಟ್ಟಿದ್ದೆ. ಪೂರಾ ತಳಕ್ಕ ಹೋತು ಅದು. ಇಟ್ಟಿದ್ದೆ... ಅಲ್ಲೇನ್ರಿ?"

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ಮುಚ್ಚಲಿಲ್ಲ.

"ಅಂಥ ಹೊತ್ತಿನ್ಯಾಗ ಯಾರಿಗೂ ನೆನಪು ಉಳಿಯಂಗಿಲ್ಲ ವೈನಿ."

ಬ್ರೇಕಿನ ಸುಳ್ಳಿಗಿಂತ ಈ ಮಾತೇ ನನ್ನನ್ನು ಹೆಚ್ಚು ಕಾಡುತ್ತದೆ. ಆ ಮಾತು ನಿಮ್ಮೊಳಗೆ ಇಳಿದದ್ದನ್ನು ನಾನು ಕಂಡೆ. ಮುಖ ಸಡಿಲವಾಯಿತು, ತಲೆ ಸ್ವಲ್ಪವೇ ಆಡಿತು—ಒಪ್ಪಿಕೊಂಡ ಹಾಗೆ. ಮೊದಮೊದಲು ಯಾರಾದರೂ ಕೇಳಿದರೆ "ಕಾಲು ತಪ್ಪಿರಬೇಕು" ಎನ್ನುತ್ತಿದ್ದಿರಿ. ಆಮೇಲೆ ಅದು "ತಪ್ಪಿತು" ಆಯಿತು. ಹೋದ ವರ್ಷ ಒಂದು ಮದುವೆಯಲ್ಲಿ ನನ್ನ ಪಕ್ಕದ ಸಾಲಿನಲ್ಲೇ ಊಟಕ್ಕೆ ಕೂತು ಯಾರಿಗೋ ಹೇಳುತ್ತಿದ್ದಿರಿ: "ಚಪ್ಪಲಿ ಪೆಡಲಿಗೆ ಸಿಕ್ಕೊಂಡಿತ್ತು ನೋಡ್ರಿ, ನನಗ ಈಗ್ಲೂ ಕಣ್ಣಿಗೆ ಕಟ್ಟೇತಿ."

ವೈನಿ, ನೀವು ಚಪ್ಪಲಿ ಬಿಚ್ಚಿ ಜೀಪು ನಡೆಸುತ್ತಿದ್ದಿರಿ. ಮಾವ ಹಾಗೆಯೇ ಕಲಿಸಿದ್ದರು. ಅವು ಸೀಟಿನ ಕೆಳಗೆ ಜೋಡಿಯಾಗಿದ್ದವು; ನಾನೇ ತೆಗೆದು ಚೀಲದಲ್ಲಿ ಹಾಕಿ ಮನೆಗೆ ಕಳಿಸಿದೆ. ಇದೊಂದನ್ನು ನನ್ನ ನೆನಪು ತಿದ್ದಿರಲಾರದು. ತಿದ್ದಿ ಅದಕ್ಕೆ ಲಾಭವಿರಲಿಲ್ಲ. ಇಲ್ಲದ ಚಪ್ಪಲಿಯನ್ನು ಈಗ ನೀವು ಕಾಣುತ್ತೀರಿ. ಬ್ರೇಕಿನ ಮೇಲಿದ್ದ ನಿಮ್ಮ ಕಾಲು ನಿಮಗೆ ಕಾಣುವುದಿಲ್ಲ. ಅದನ್ನೂ ನಾನು ಒರೆಸಿಬಿಟ್ಟಿದ್ದೆ.

ಹೀಗೇ ಇದ್ದುಬಿಡುತ್ತಿದ್ದೆನೋ ಏನೋ. ಕಳೆದ ವಾರ ನೀವು ಮಗಳೊಂದಿಗೆ ಗ್ಯಾರೇಜಿಗೆ ಬಂದಿರಿ. ಮೈದುನ ಕಾರು ನಡೆಸುತ್ತಿದ್ದ, ನೀವು ಹಿಂದೆ ಕೂತಿದ್ದಿರಿ. ಮಗಳು ಇಳಿದು ಬಂದು ನಿಮ್ಮದೇ ರೀತಿಯಲ್ಲಿ ಬಗ್ಗಿ ಎತ್ತಿಟ್ಟ ಗಾಡಿಯೊಂದರ ಕೆಳಗೆ ನೋಡುತ್ತ ಕೇಳಿದಳು, "ಕಾಕಾ, ನನಗ ಗಾಡಿ ಕಲಸ್ತೀರೇನು?"

ನಾನು ಉತ್ತರಿಸುವ ಮೊದಲೇ ನೀವು ಕಾರಿನೊಳಗಿಂದ ಅಂದಿರಿ: "ಬ್ಯಾಡವಾ. ನಮ್ಮ ಕಾಲಿಗೆ ಹತೋಟಿ ಇಲ್ಲ."

ನಮ್ಮ—ಎಂದಿರಿ. ಅವಳ ಕಾಲನ್ನೂ ಸೇರಿಸಿ.

ಅವಳು ಎದ್ದು ನಿಂತಳು. ಕಾರಿನತ್ತ ನಡೆದಳು. ಮಲ್ಲಪ್ಪ ನನ್ನ ಕಡೆ ನೋಡಿ ತಲೆಯಾಡಿಸಿದ, ನಾವಿಬ್ಬರೂ ಒಂದೇ ಕಡೆಯವರೆಂಬಂತೆ.

ಇದನ್ನು ನಿಮಗೆ ಕೊಟ್ಟು ಕಳಿಸಿ ಕೈತೊಳೆದುಕೊಳ್ಳುವ ಆಸೆ ಬರುತ್ತದೆ. ಬೇಡ. ಕಾಗದವಾದರೆ ಯಾರೋ ಮಡಚಿಟ್ಟುಬಿಡಬಹುದು. ಸೋಮವಾರ ನಾನೇ ಹೊನವಾಡಕ್ಕೆ ಬರುತ್ತೇನೆ. ಮಲ್ಲಪ್ಪನೂ ಇರಲಿ. ನೀವು ಬಾಗಿಲು ಹಾಕಿಕೊಂಡರೆ ಅಂಗಳದಲ್ಲೇ ನಿಂತು ಹೇಳುತ್ತೇನೆ—ಒಳಗಿರುವ ನಿಮ್ಮ ಮಗಳಿಗೆ ಕೇಳುವಷ್ಟು ಗಟ್ಟಿಯಾಗಿ.