ಅಜ್ಜಿ ಬಾವಿಗೆ ಎಸೆದ ದೀಪ

ನನ್ನದು ಎಲುಬಿಲ್ಲದ ನಾಲಗೆ ಎಂದು ಅಮ್ಮ ಬೈಯುತ್ತಿದ್ದಳು. ಬಹರೈನಿಗೆ ಬಂದ ಮೇಲೆ ಅದಕ್ಕೆ ನಾನೇ ಕಡಿವಾಣ ಹಾಕಿಕೊಂಡೆ. ಸಿತ್ರಾದ ಆಫೀಸಿನಲ್ಲಿ ಸೆಕೆ, ಟ್ರಾಫಿಕ್, ಮಕ್ಕಳ ಶಾಲೆ ಬಿಟ್ಟು ಬೇರೆ ಮಾತಿಲ್ಲ. ಕಡಿವಾಣ ಕಳಚುತ್ತಿದ್ದದ್ದು ಶುಕ್ರವಾರ ಬೆಳಿಗ್ಗೆ, ಅದ್ಲಿಯಾದ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಮಾತ್ರ. ಮೇಲಿನ ಮಹಡಿಯ ಅಕ್ಕ ಸ್ಟೀಲ್ ಡಬ್ಬಿಯಲ್ಲಿ ಗೋಳಿಬಜೆ ತಂದು ಕೂರುತ್ತಿದ್ದರು. ಒಡಹುಟ್ಟಿದವರಲ್ಲ, ನಮ್ಮ ಕರಾವಳಿಯವರು, ನನ್ನದೇ ಆಫೀಸಿನವರು. ನನಗೆ ಈ ಕೆಲಸ ಕೊಡಿಸಿದವರೂ ಅವರೇ.

ಒಂದು ಶುಕ್ರವಾರ ಫೋನಿನಲ್ಲಿ ಒಂದು ಸುದ್ದಿ ಬಂದಿತ್ತು. ಯುರೋಪಿನ ಯಾವುದೋ ಊರಲ್ಲಿ ಒಬ್ಬ ಮಸೀದಿಯ ಎದುರು ನಿಂತು ಧರ್ಮಗ್ರಂಥಕ್ಕೆ ಬೆಂಕಿ ಹಚ್ಚಿದ್ದ. ಪ್ರತಿಭಟನೆ ಅವನ ಹಕ್ಕು ಎಂದು ಪೊಲೀಸರು ಕಾವಲು ನಿಂತಿದ್ದರು.

"ಇಂಥವನನ್ನು ಒಳಗೆ ಹಾಕ್ಬೇಕು," ಎಂದರು ಅಕ್ಕ.

"ಅವ ಮಾಡಿದ್ದು ಹೇಸಿಗೆ ಕೆಲಸ ಅಕ್ಕಾ. ಎದುರು ಸಿಕ್ಕಿದ್ರೆ ನಾನೇ ಉಗೀತೇನೆ. ಆದ್ರೆ ಜೈಲಿಗೆ ಹಾಕಬಾರ್ದು. ಇವತ್ತು ಅವನ ಬಾಯಿ ಮುಚ್ಚಿಸಿದವರು ನಾಳೆ ನಮ್ಮದನ್ನೂ ಮುಚ್ಚಿಸ್ತಾರೆ," ಎಂದೆ.

ಮಾತಿನ ಭರದಲ್ಲಿ ಯಾರಿಗೂ ಹೇಳದ ಒಂದು ಕಥೆಯನ್ನೂ ಹೇಳಿಬಿಟ್ಟೆ. ಎಳೆಯ ಮಗ ಜ್ವರದಲ್ಲಿ ತೀರಿಕೊಂಡ ದಿನ ನನ್ನ ಅಜ್ಜಿ ದೇವರ ದೀಪವನ್ನು ಬಾವಿಗೆ ಎಸೆದಿದ್ದಳಂತೆ. ಬಹಿಷ್ಕಾರ ಹಾಕಲು ಬಂದ ಊರವರನ್ನು ದೇವಸ್ಥಾನದ ಭಟ್ಟರೇ ತಡೆದರಂತೆ: "ದೇವರು ತಡಕೊಳ್ತಾನೆ, ನಿಮಗೆಂತ ಅವಸರ?" ಕೇಳುತ್ತ ಅಕ್ಕನ ಕಣ್ಣು ತುಂಬಿತ್ತು. ನನ್ನ ಕೈ ಹಿಡಿದುಕೊಂಡಿದ್ದರು.

ಕನ್ನಡದಲ್ಲಿ ಆಡಿದ ಮಾತು ಈ ಊರಲ್ಲಿ ಬಾಗಿಲು ಹಾಕಿದ ಕೋಣೆ ಎಂದು ನಾವೆಲ್ಲ ನಂಬಿದ್ದೇವೆ. ಲಿಫ್ಟಿನಲ್ಲಿ ಪಕ್ಕದಲ್ಲೇ ನಿಂತವರನ್ನು ಆಡಿಕೊಂಡು ನಗುತ್ತೇವೆ. ಬಾಗಿಲ ಚಿಲಕ ಒಳಗಿನವರ ಕೈಯಲ್ಲೇ ಇರುತ್ತದೆ ಎಂಬುದು ನೆನಪಾಗುವುದಿಲ್ಲ.

ಭಾನುವಾರ ಮ್ಯಾನೇಜರ್ ಕರೆದರು. ಇಲ್ಲಿಯವರೇ, ನಮಾಜು ತಪ್ಪಿಸದವರು. "ಗ್ರಂಥ ಸುಟ್ಟವನನ್ನು ಶಿಕ್ಷಿಸಬಾರದು ಎಂದೆಯಂತೆ. ಇಂಥ ಮಾತಿಗೆ ಇಲ್ಲಿ ಏನಾಗಬಹುದು, ಗೊತ್ತಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಗೊತ್ತಿತ್ತು. ಪೊಲೀಸ್, ಕೋರ್ಟು, ಆಮೇಲೆ ವಿಮಾನ. ಮಗಳು ಹತ್ತನೇ ತರಗತಿಯ ಪರೀಕ್ಷೆಗೆ ಓದುತ್ತಿದ್ದಳು. ಅವಳ ವೀಸಾ ಇದ್ದದ್ದು ನನ್ನ ಕೆಲಸದ ಮೇಲೆ.

"ಯಾರು ಹೇಳಿದ್ದು?" ಎಂದೆ. "ನಿನ್ನ ಅಜ್ಜಿಯೂ ದೇವರ ದೀಪವನ್ನು ಬಾವಿಗೆ ಎಸೆದಿದ್ದಳಂತೆ, ನಿಜವೇ?" ಎಂದರು.

ಆ ಕಥೆ ಈ ಊರಲ್ಲಿ ಗೊತ್ತಿದ್ದದ್ದು ಅಕ್ಕ ಒಬ್ಬರಿಗೇ.

ನಾನು ಎಲ್ಲವನ್ನೂ ಹೇಳಿದೆ. ಹೇಸಿಗೆ ಎಂದದ್ದು, ಸತ್ತ ಮಗು, ಭಟ್ಟರ ಮಾತು, ಯಾವುದೂ ಅವರನ್ನು ತಲುಪಿರಲಿಲ್ಲ. "ನಿನ್ನ ಮಾತಿನಿಂದ ನನಗೆ ನೋವಾಗಿದೆ, ನಾನು ಒಪ್ಪುವುದೂ ಇಲ್ಲ. ಆದರೆ ನಾನೇನೂ ಕೇಳಿಸಿಕೊಂಡಿಲ್ಲ. ಹೋಗು," ಎಂದರು. ನೊಂದವರೇ ನನ್ನನ್ನು ಉಳಿಸಿದರು.

ಸಂಜೆ ಮೆಟ್ಟಿಲಲ್ಲಿ ಅಕ್ಕನನ್ನು ತಡೆದು ಕೇಳಿದೆ.

"ಹಗೆಯಿಂದ ಅಲ್ಲ ಮಾರಾಯ್ತಿ. ನೀನು ಅದನ್ನೇ ಬೇರೆ ಎಲ್ಲಾದ್ರೂ ಹೇಳಿ ಸಿಕ್ಕಿಬಿದ್ರೆ, ಕೇಳಿ ಸುಮ್ಮನೆ ಕೂತದ್ದಕ್ಕೆ ನನ್ನನ್ನೂ ಎಳೀತಿದ್ರು. ನಮಗೂ ಸಂಸಾರ ಉಂಟಲ್ಲ?"

"ಹೇಸಿಗೆ ಅಂದದ್ದನ್ನಾದ್ರೂ ಹೇಳಬಹುದಿತ್ತು."

"ಅಷ್ಟೆಲ್ಲ ಹೇಳ್ಲಿಕ್ಕೆ ಧೈರ್ಯ ಆಗ್ಲಿಲ್ಲ."

ಹೆದರಿಕೆ ನನಗೂ ಅರ್ಥವಾಗುತ್ತದೆ. ಆದರೆ ನನ್ನ ಅಜ್ಜಿಯನ್ನು ಯಾಕೆ ಒಪ್ಪಿಸಿದರು? ಅದನ್ನು ಇವತ್ತಿಗೂ ಕ್ಷಮಿಸಿಲ್ಲ.

ಮುಂದಿನ ಶುಕ್ರವಾರ, ಏನೂ ಆಗಿಲ್ಲವೆಂಬಂತೆ, ಗೋಳಿಬಜೆಯ ಡಬ್ಬಿ ನಮ್ಮ ಬಾಗಿಲಲ್ಲಿತ್ತು. ಮಗಳು ತಿಂದಳು. ನಮ್ಮ ಕಡೆ ಬಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕುತ್ತೇವೆ. ನಾನು ಡಬ್ಬಿ ತೊಳೆದು, ಒರೆಸಿ, ಖಾಲಿಯಾಗಿಯೇ ಅವರ ಕೈಗಿಟ್ಟೆ. ಅಕ್ಕ ಮುಚ್ಚಳ ತೆರೆದು ನೋಡಿದರು.

"ಎರಡು ಬೈದಾದ್ರೂ ಬಿಡು ಮಾರಾಯ್ತಿ," ಎಂದರು.

ಬೈಯಲಿಲ್ಲ. ಬೈದದ್ದು ಯಾರ ಕಿವಿಗೆ ಹೋಗುತ್ತದೋ ಎಂಬ ಹೆದರಿಕೆ ಅಷ್ಟರಲ್ಲಿ ನನಗೂ ಬಂದಿತ್ತು.